ಕಲ್ಲು ಸೋಸದ ನೀರು

ನಮ್ಮತ್ತೆ ಬೋರವ್ವನ ಬಾಯಿ ಬಿಜ್ಜರಗಿ ಊರಿಗೆಲ್ಲ ಗೊತ್ತು. ಕರುಳು ಮನೆಯವರಿಗೆ ಮಾತ್ರ ಗೊತ್ತು. ನಾನು ಸೊಸೆಯಾಗಿ ಬಂದ ದಿನ “ಇದೇನ ಕಡ್ಡಿ ತಂದೀರಿ” ಎಂದು ನಕ್ಕು, ಅಂದಿನಿಂದ ನನ್ನ ರೊಟ್ಟಿಗೆ ಒಂದುಂಡೆ ಬೆಣ್ಣೆ ಹೆಚ್ಚೇ ಇಡುತ್ತ ಬಂದವಳು. ಅಂಥವಳ ಕೈಯಿಂದ ಕೇಡಾಗುತ್ತದೆಂದರೆ ಯಾರು ನಂಬಿಯಾರು?

ನಮ್ಮದು ಕುರಿ ಸಾಕುವ ಮನೆ. ಕುರಿ ಸತ್ತರೆ ಹೂಳುವಂತಿಲ್ಲ. ಹೂಳಿದರೆ ಹಿಂಡೇ ಮಣ್ಣಾಗುತ್ತದೆ ಎಂಬುದು ಹಿರಿಯರ ಮಾತು. ಹೊಲದ ಮೇಲ್ತುದಿಯ ಪಾಳುಬಾವಿಗೆ ಎಸೆಯಬೇಕು. ಆ ಬಾವಿಯ ತಳದಲ್ಲಿ ಕಲ್ಲು ಬಿರಿದಿದೆ. ಎಷ್ಟು ಮಳೆಯಾದರೂ ನೀರು ಬಿರುಕಿಗೆ ಇಳಿದುಹೋಗುತ್ತದೆ. ಅಲ್ಲಿಂದ ಇಳಿಜಾರಿನಲ್ಲಿ ನೂರು ಮಾರು ದೂರಕ್ಕೆ ನಾವು ಕುಡಿಯುವ ನೀರಿನ ಬಾವಿ.

ಮೂರು ವರ್ಷದ ಹಿಂದೆ ನಾದಿನಿ ಚಂದ್ರಕಲಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಎರಡು ತಿಂಗಳ ಕೂಸು ವಾಂತಿಭೇದಿಯಾಗಿ, ವಿಜಯಪುರ ಮುಟ್ಟುವ ಮೊದಲೇ ಹೋಯಿತು. ದೃಷ್ಟಿಯಾಯಿತು ಎಂದರು. ಈಗ ಅವಳ ಮಡಿಲಲ್ಲಿ ಮತ್ತೊಂದು ಕೂಸು. ಕೂಸಿಗೆ ಕುಡಿಸುವ ಬೇರಿನ ಔಷಧಿ ಘುಟ್ಟಿ ತೇಯಲು ಅತ್ತೆ ಬಾವಿಯ ನೀರು ತಂದಾಗ ನನಗೆ ತಡೆಯಲಾಗಲಿಲ್ಲ.

“ಅತ್ತಿ, ಕೂಸಿಗೆ ಎದಿಹಾಲು ಸಾಕ್ರಿ. ಮ್ಯಾಲಿನ ಬಾವ್ಯಾಗ ಸತ್ತ ಕುರಿ ಬಿದ್ದಾವ.”

“ನಡುವ ಇಷ್ಟ ಕಲ್ಲೈತಿ, ಸೋಸ್ತೈತಿ ಬೇ. ನಿಮ್ಮ ಮಾವನ ಮುತ್ಯಾ ಇದ ನೀರು ಕುಡದು ತೊಂಬತ್ತ ವರ್ಷ ಬಾಳ್ಯಾನ.”

“ಹರದ ಚೀಲದಾಗ ಹಿಟ್ಟು ನಿಲ್ತೈತೇನ್ರಿ? ಬಿರಿದ ಕಲ್ಲು ಹ್ಯಾಂಗ ಸೋಸ್ತೈತಿ? ಓಕಳಿಗೆ ತಂದ ಹಸರ ಬಣ್ಣ ಉಳದೈತಿ. ಮ್ಯಾಲಿನ ಬಾವಿಗೆ ಸುರಿದು, ಕೆಳಗಿನ ಬಾವ್ಯಾಗ ಬರ್ತೈತೇನ ನೋಡೂಣು. ಮೂರ ದಿನ ಘುಟ್ಟಿ ನಿಲ್ಲಸ್ರಿ.”

“ಆಗ್ಲಿ ತಗೋ. ನಿನ್ನ ಹುಚ್ಚರ ಬಿಡ್ಲಿ,” ಎಂದು ಅತ್ತೆ ನಕ್ಕಳು.

ಇಬ್ಬರೂ ಸೇರಿಯೇ ಬಣ್ಣ ಕಲಸಿ ಸುರಿದೆವು. ರಾತ್ರಿ ಒಳ್ಳೆಯ ಮಳೆಯೂ ಬಂತು. ಮೂರನೆಯ ದಿನ ಅತ್ತೆಯೇ ಕೆಳಗಿನ ಬಾವಿಯಿಂದ ನೀರು ಸೇದಿದಳು. ತಾಮ್ರದ ಕೊಡದಲ್ಲಿ ಏನೂ ಕಾಣಲಿಲ್ಲ. ಚಹಾದ ಬಿಳಿ ಬಸಿಗೆ ಸುರಿದಾಗ ನೀರು ತಿಳಿಹಸಿರಾಗಿತ್ತು.

ಅತ್ತೆ ಬಹಳ ಹೊತ್ತು ಬಸಿ ಕೆಳಗಿಡಲಿಲ್ಲ.

“ಹೋದ ಕೂಸಿಗೆ ಇದ ನೀರಾಗ ಘುಟ್ಟಿ ತೇಯ್ದು ಹಾಕಿದಾಕಿ ನಾನ,” ಎಂದಳು. “ಒಲ್ಲೆ ಅಂತ ಬಾಯಿ ಮುಚ್ಚಿತ್ತು. ಮೂಗು ಹಿಡದು ಹಾಕೀನಿ.”

“ಯವ್ವಾ, ನಿನಗ ಗೊತ್ತಿದ್ದಿಲ್ಲ,” ಎಂದು ಚಂದ್ರಕಲಾ ತಾಯಿಯ ಕೈ ಹಿಡಿದಳು. ಗೆದ್ದೆನೆಂಬ ಸಂತೋಷ ನನಗೆ ಎಳ್ಳಷ್ಟೂ ಆಗಲಿಲ್ಲ. ಅಂದಿನಿಂದ ಊರಿನ ಶುದ್ಧ ನೀರಿನ ಘಟಕದ ಕೊಡಗಳು ಮನೆಗೆ ಬಂದವು.

ಮರುವಾರ ಒಂದು ಕುರಿಮರಿ ಸತ್ತಿತು. ಮಾವ ಗುರಣ್ಣ ಅದನ್ನು ಹೆಗಲಿಗೇರಿಸಿ ಪಾಳುಬಾವಿಯತ್ತ ಹೊರಟರು. ಅತ್ತೆ ಸಲಿಕೆ ಹಿಡಿದು ದಾರಿಗೆ ಅಡ್ಡ ನಿಂತಳು.

“ಹೂಳಿದ್ರ ಹಿಂಡು ಉಳಿಯಂಗಿಲ್ಲ. ಅತ್ತ ಸರಿ,” ಎಂದರು ಮಾವ.

“ಹಿಂಡು ಹೋದ್ರ ಹೋಗ್ಲಿ, ಮತ್ತ ಕಟ್ಟೂಣು. ಹೋದ ಕೂಸು ತರಾಕ ಆಗ್ತೈತೇನ್ರಿ?”

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಬಾವಿಗಳಿಂದ ದೂರ, ಮಣ್ಣು ಆಳವಾಗಿರುವ ಕೆಳಗಿನ ಹೊಲಕ್ಕಿಳಿದು ಗುಂಡಿ ತೋಡತೊಡಗಿದಳು. ಅರ್ಧ ತೋಡುವಷ್ಟರಲ್ಲಿ ಮಾವ ಬಂದು ಮರಿಯನ್ನು ಇಳಿಸಿ, ಅವಳ ಕೈಯಿಂದ ಸಲಿಕೆ ತೆಗೆದುಕೊಂಡರು.