ಎಂಜಿನ್ ಆರುವ ತನಕ

ತಂಗಿ ಚಿಕ್ಕ ಗಾಡಿಯ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಕರುವಿನಷ್ಟು ಬಿಸಿ.

"ಇದು ಆಗಲೇ ಎದ್ದು, ಮುಖ ತೊಳ್ಕೊಂಡು, ನಮ್ಮನ್ನೇ ಕಾಯ್ತಾ ಕೂತಿದೆಯಲ್ಲ!" ಎಂದಳು.

ಹಳೆಯ ಯಂತ್ರಗಳ ವ್ಯಾಪಾರಿ ಹಲ್ಲು ಬಿಟ್ಟ. "ನೀವು ಬರ್ತೀರಿ ಅಂತ ಸ್ವಲ್ಪ ಓಡಿಸಿ ಇಟ್ಟೆ ಅಮ್ಮಾ. ತಪ್ಪಾಯ್ತಾ?"

"ತಪ್ಪೇನಿಲ್ಲ. ಬಿಸಿ ಇದ್ದಾಗ ಯಾರು ಕರೆದ್ರೂ ಏಳತ್ತೆ. ತಣ್ಣಗಿದ್ದಾಗ ಏಳತ್ತಾ ಅಂತ ನೋಡ್ಬೇಕು. ಆರಲಿ, ಕಾಯ್ತೀವಿ."

"ಮಧ್ಯಾಹ್ನ ಆಗಿಬಿಡತ್ತೆ."

"ಬುತ್ತಿ ತಂದಿದ್ದೀವಿ."

ಅಕ್ಕ ಆ ಕಡೆ ಪಕ್ಕದ ದೊಡ್ಡ ಗಾಡಿಯ ಮುಂದೆ ನಿಂತಿದ್ದಳು. ಎರಡೂ ಟೆಲಿಹ್ಯಾಂಡ್ಲರುಗಳೇ. ಕೊಳವೆಯೊಳಗಿಂದ ಕೊಳವೆ ಜಾರಿ ಬರುವಂತೆ ಮುಂದಕ್ಕೆ ಚಾಚುವ ಉದ್ದನೆಯ ಕೈ, ಅದರ ತುದಿಗೆ ಕಬ್ಬಿಣದ ಮುಳ್ಳು. ಹುಲ್ಲಿನ ಹೊರೆಯನ್ನು ಅಟ್ಟಕ್ಕೂ ಏರಿಸುತ್ತದೆ, ಬಕೆಟ್ಟು ಸಿಕ್ಕಿಸಿದರೆ ಕೊಟ್ಟಿಗೆಯನ್ನೂ ಬಳಿಯುತ್ತದೆ. ಇಷ್ಟು ವರ್ಷ ಅದನ್ನೆಲ್ಲ ಮಾಡಿದ್ದು ಅಕ್ಕನ ಬಲಗೈ. ಈಗ ಆ ಭುಜ ಲೋಟ ಎತ್ತಲೂ ಮುನಿಸಿಕೊಳ್ಳುತ್ತಿತ್ತು. ತಂಗಿಗೆ ಹಾಲು ಕರೆದು, ಮಾರಿ ಬರುವಷ್ಟರಲ್ಲೇ ಹೊತ್ತು ಹೋಗುತ್ತಿತ್ತು. "ನನ್ನ ಕೈಯಲ್ಲಿ ಆಗೋ ಗಾಡಿ ಸಿಕ್ಕಿದ್ರೆ ಹಸು ಇರ್ಲಿ. ಇಲ್ಲಾಂದ್ರೆ ಚಳಿಗಾಲಕ್ಕೆ ಮುಂಚೆ ಎಲ್ಲಾನೂ ಕೊಟ್ಟುಬಿಡೋಣ," ಎಂದು ಅಕ್ಕ ಹೇಳಿಯಾಗಿತ್ತು. ಅಕ್ಕನ ಬಾಯಿಂದ ಬಂದ ಮಾತು ಮತ್ತೆ ಒಳಗೆ ಹೋದದ್ದನ್ನು ತಂಗಿ ಕಂಡಿರಲಿಲ್ಲ.

"ದೊಡ್ಡದೇ ಸರಿ ಕಣೇ," ಅಕ್ಕ ಟೇಪು ಸುತ್ತುತ್ತ ಕೂಗಿದಳು. "ನಮ್ಮ ಬಾಗಿಲಿಗೆ ಇನ್ನೂ ನಾಲ್ಕು ಬೆರಳು ಉಳಿಯತ್ತೆ. ಬಣ್ಣ ಹ್ಯಾಗಿದೆ ನೋಡು!"

ತಂಗಿ ಚಿಕ್ಕದನ್ನು ಬಿಡಲಿಲ್ಲ. ಕೂರುವ ಜಾಗದ ಎಡ ಅಂಚು ಮಾತ್ರ ಯಾಕೆ ಸವೆದಿದೆ? ಹತ್ತಿ ಇಳಿಯುವುದೇ ಹೆಚ್ಚಾಗಿತ್ತೇ? ಚಾವಣಿಯ ಮೇಲೆ ಉದ್ದುದ್ದ ಗೀರುಗಳೇಕೆ? ಯಾವುದಕ್ಕೆ ತಲೆ ಉಜ್ಜಿಕೊಂಡಿತು?

"ಹಲ್ಲು ಎಣಿಸೋದೊಂದು ಬಾಕಿ," ಎಂದಳು ಅಕ್ಕ.

"ಇದನ್ನ ಇಟ್ಕೊಂಡಿದ್ದೋರು ಏನು ಕೆಲಸ ಮಾಡಿಸ್ತಿದ್ರು?" ತಂಗಿ ವ್ಯಾಪಾರಿಯನ್ನು ಕೇಳಿದಳು.

"ಗೋದಾಮಲ್ಲಿತ್ತಮ್ಮಾ. ಬರೀ ಪೆಟ್ಟಿಗೆ ಎತ್ತಿಡೋದು. ಹೂವಿನ ಹಾಗೆ ಇಟ್ಕೊಂಡಿದ್ರು."

ತಂಗಿ ರೇಡಿಯೇಟರಿನ ಸಂದಿಗೆ ಉಗುರು ಹಾಕಿ ಏನನ್ನೋ ಎಳೆದಳು. ಬಿಳಿಯ ಪುಕ್ಕ. ಅದರ ಹಿಂದೆ ಇನ್ನೊಂದು.

"ಪೆಟ್ಟಿಗೆಗೆ ರೆಕ್ಕೆ ಇತ್ತಾ?"

ವ್ಯಾಪಾರಿ ಕಿವಿ ಕೆರೆದುಕೊಂಡ. "ಕೋಳಿ ಫಾರಮ್ಮು," ಎಂದ. "ಹಾಗಂದ್ರೆ ಯಾರೂ ಹತ್ತಿರ ಬರಲ್ಲ. ಕೋಳಿ ಗೊಬ್ಬರ ಕಬ್ಬಿಣ ತಿನ್ನತ್ತಲ್ಲ."

ತಂಗಿಗೆ ಸಿಟ್ಟು ಬರಲಿಲ್ಲ, ಕುತೂಹಲವೇ ಹೆಚ್ಚಿತು. ಗೋಣಿ ಹಾಸಿಕೊಂಡು ಅಡಿಗೆ ನುಸುಳಿ, ಬೀಗದ ಕೈಯಿಂದ ಅಲ್ಲಲ್ಲಿ ಕೆರೆದಳು. ಹೊಟ್ಟೆಯ ತಗಡು ತೂತಾಗಿತ್ತು. ಬುಡದ ದಪ್ಪ ತೊಲೆಗಳನ್ನು ಕುಟ್ಟಿದರೆ ಮಾತ್ರ ಗಟ್ಟಿ ಸದ್ದು. ಅಂಗಾತ ಮಲಗಿದ್ದಾಗಲೇ ಚಾವಣಿಯ ಗೀರುಗಳ ಅರ್ಥ ಹೊಳೆಯಿತು. ತಗ್ಗು ಮಾಡಿನ ಕೋಳಿಮನೆ, ಕೆಳಗೆ ದಿನದಿನಕ್ಕೂ ಏರುವ ಹೊಟ್ಟಿನ ಹಾಸು.

"ಅಕ್ಕಾ," ಅಲ್ಲಿಂದಲೇ ಕರೆದಳು, "ಬಾಗಿಲು ಯಾವಾಗ ಅಳೆದೆ?"

"ಹಾಸು ತೆಗೆಸಿದ ಮಾರನೇ ದಿನ. ಯಾಕೆ?"

ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಹುಲ್ಲು ಹಾಸುತ್ತ ಹೋಗಿ, ಚಳಿ ಕಳೆದ ಮೇಲೆ ಒಂದೇ ಸಲ ಕೆತ್ತಿ ತೆಗೆಯುವುದು ಅವರ ಪದ್ಧತಿ. ಅಷ್ಟು ಹೊತ್ತಿಗೆ ಸಗಣಿ ಹುಲ್ಲು ಸೇರಿ ಮೊಣಕಾಲೆತ್ತರ ಗಟ್ಟಿಯಾಗಿರುತ್ತಿತ್ತು. ಬಾಗಿಲಿನ ಎತ್ತರ ಅಷ್ಟೂ ತಗ್ಗುತ್ತಿತ್ತು. ಯಂತ್ರ ಬೇಕಾಗುವುದೇ ಆಗ. ಬಾಗಿಲ ಮೇಲಿನದು ಕಲ್ಲಿನ ತೊಲೆ, ಅದನ್ನು ಏರಿಸುವಂತಿಲ್ಲ.

ಅಕ್ಕ ದೊಡ್ಡ ಗಾಡಿಯ ನೆತ್ತಿಯನ್ನು ನೋಡಿದಳು. ಕೈ ತಾನಾಗಿ ಮೊಣಕಾಲಿಗೆ ಹೋಯಿತು.

"ನೆಲ ಕಂಡಾಗ ಅಳೀದೆ, ಸಗಣಿ ಮೇಲೆ ನಿಂತ್ಕೊಂಡು ಅಳೀತಾರೇನೇ?" ಎಂದು ರೇಗಿದಳು. ಸ್ವಲ್ಪ ಹೊತ್ತಾದ ಮೇಲೆ ಬಂದು, ಯಾರೂ ಹೇಳದೆಯೇ ಚಿಕ್ಕದಕ್ಕೆ ಟೇಪು ಹಿಡಿದಳು. ಮೊಣಕಾಲೆತ್ತರ ಕಳೆದರೂ ಗೇಣು ಉಳಿಯಿತು.

ಬುತ್ತಿ ಬಿಚ್ಚಿ ಮೂವರೂ ಉಂಡರು. ತೂತಿನ ತಗಡನ್ನು ತಾನೇ ಹಾಕಿಸಿಕೊಡುವುದಾಗಿ ವ್ಯಾಪಾರಿ ಒಪ್ಪಿದ. ಅಕ್ಕ ಮಾತ್ರ ತಣ್ಣಗಾಗುತ್ತಿದ್ದ ಎಂಜಿನ್ನನ್ನು ಎರಡು ಸಲ ಮುಟ್ಟಿ ನೋಡಿದಳು.

ಕಬ್ಬಿಣ ಪೂರ್ತಿ ಆರಿದ ಮೇಲೆ ತಂಗಿ ಕೀಲಿ ತಿರುಗಿಸಿದಳು. ಗೊರಗೊರ ಎಂದು ನಿಂತಿತು. ವ್ಯಾಪಾರಿ ಆಕಾಶ ನೋಡಿದ. ಇನ್ನೊಮ್ಮೆ ತಿರುಗಿಸಿದಾಗ ಕೆಮ್ಮಿ, ಬಿಳಿ ಹೊಗೆ ಉಗುಳಿ, ಹೊತ್ತಿಕೊಂಡಿತು.

"ಈಗ ನೀನು ಹತ್ತು."

ಅಕ್ಕ ಎಡಗೈ ಊರಿ ಹತ್ತಿದಳು. ಬಲ ಮೊಣಕೈಯನ್ನು ಪಕ್ಕದ ಮೆತ್ತೆಗೆ ಒರಗಿಸಿ, ಗಾಡಿಯ ಕೈಯನ್ನು ಆಡಿಸುವ ಹಿಡಿಯನ್ನು ಬೆರಳಿನಿಂದ ಅನುಮಾನದಿಂದಲೇ ದೂಡಿದಳು. ಮುಂದಿದ್ದ ಹಳೆಯ ಟೈರುಗಳ ರಾಶಿಯ ಕೆಳಗೆ ಮುಳ್ಳು ಹೊಕ್ಕಿತು. ರಾಶಿ ನೆಲ ಬಿಟ್ಟು ಮೇಲೆದ್ದಿತು. ಅಕ್ಕ ಅದನ್ನು ನೋಡಲಿಲ್ಲ. ತನ್ನ ಭುಜವನ್ನೇ ನೋಡಿಕೊಂಡಳು. ಅದು ಅಲುಗಿರಲಿಲ್ಲ.

ಟೈರುಗಳನ್ನು ಇಳಿಸಿದಳು. ಮತ್ತೆ ಎತ್ತಿದಳು. ಇನ್ನೂ ಮೇಲಕ್ಕೆ, ಷೆಡ್ಡಿನ ಮಾಡಿಗಿಂತ ಮೇಲಕ್ಕೆ.

"ಅಲ್ಲೆಲ್ಲಿಡ್ತೀರಮ್ಮಾ ಅದನ್ನ?" ವ್ಯಾಪಾರಿ ಕೂಗಿದ.

ಎಂಜಿನ್ನಿನ ಸದ್ದಿಗೆ ಅಕ್ಕನಿಗೆ ಕೇಳಿಸಲಿಲ್ಲ. ತಂಗಿ ತುಟಿಗೆ ಬೆರಳಿಟ್ಟು, ಇರಲಿ ಎಂದು ಸನ್ನೆ ಮಾಡಿದಳು. ಮೇಲೆ ಟೈರುಗಳು ನಿಧಾನಕ್ಕೆ ತೂಗಾಡುತ್ತಿದ್ದವು. ಅವುಗಳ ನೆರಳು ಅಂಗಳದ ಉದ್ದಕ್ಕೂ ಹೋಗಿ, ಮತ್ತೆ ಬರುತ್ತಿತ್ತು.