ನಾಲ್ಕು ತಿಂಗಳ ಕಿಂಡಿ

ನನ್ನ ಮುಂದಿನ ಹಲ್ಲು ಹೋದದ್ದು ನನ್ನದೇ ದಡ್ಡತನದಿಂದ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಟೀಚರು. ಹೊಸದಾಗಿ ಸೇರಿದವರಿಗೆ ನಾನು ಹೇಳುವ ಮೊದಲ ಪಾಠವೇ ಇದು: ಮಗುವಿನ ಬೆನ್ನ ಹಿಂದೆ ನಿಂತು ಮಾತಾಡಬೇಡಿ, ಮುಂದೆ ಬಂದು ಮುಖ ತೋರಿಸಿ. ಅಂಥ ನಾನು, ಒಂದು ಮಧ್ಯಾಹ್ನ ಉಯ್ಯಾಲೆ ಮಿತಿಮೀರಿ ಮೇಲೇರುವುದನ್ನು ಕಂಡು, ಹಿಂದಿನಿಂದ "ನಿಲ್ಲಿಸೇ" ಎಂದು ಕೂಗುತ್ತಾ ಓಡಿದೆ. ಉಯ್ಯಾಲೆಯಲ್ಲಿದ್ದ ಹುಡುಗಿಗೆ ಕೇಳುವುದೆಲ್ಲಿ ಬಂತು? ಹಲಗೆ ತಿರುಗಿ ಬಂದು ನೇರ ಬಾಯಿಗೆ ಬಡಿಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಆ ಹುಡುಗಿಗೆ ಏಳು ವರ್ಷ. ಶಾಲೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಅವಳ ಬಾಯಿಂದ ಇಪ್ಪತ್ತು ಮಾತು ಹೊರಡಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಅವಳ ಕೈಯನ್ನು ನನ್ನ ಗಂಟಲ ಮೇಲಿಟ್ಟುಕೊಂಡು 'ಬ' ಎನ್ನುವುದು, ತುಟಿಯ ಮುಂದೆ ಕಾಗದದ ಚೂರು ಹಿಡಿದು 'ಪ' ಎಂದು ಅದನ್ನು ಅಲುಗಾಡಿಸುವುದು, ಹೀಗೆ ಸಾವಿರ ಸಲ. ಅಂದು ನನ್ನ ಬಾಯಿಯ ರಕ್ತ ನೋಡಿ ಅವಳು ಅಳಲಿಲ್ಲ, ತುಟಿ ಬಿಗಿದುಕೊಂಡಳು. ಮರುದಿನ ಬಿಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಕಷ್ಟಪಟ್ಟು ಕೂಡಿಸಿದ ಇಪ್ಪತ್ತು ಮಾತು ಎಲ್ಲಿ ಇಂಗಿ ಹೋಗುತ್ತವೋ ಎಂದು ದಿನವಿಡೀ ಅವಳ ತುಟಿಯನ್ನೇ ನೋಡುತ್ತಿದ್ದೆ.

ಹಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತಿನಲ್ಲಿ ನಿಧಾನಿ. ಔಷಧಿ ಚೀಟಿಯ ಹಿಂದೆ ಮೂರು ಚಿತ್ರ ಬರೆದು ತೋರಿಸಿದರು.

"ಒಂದು, ತೆಗೆದು ಹಾಕೋ ಹಲ್ಲು. ವಾರದಲ್ಲಿ ಸಿಗುತ್ತೆ, ಅಂಗುಳಕ್ಕೆ ಅಂಟಿಕೊಂಡು ಒಂದು ಪ್ಲೇಟ್ ಇರುತ್ತೆ. ಎರಡು, ಬ್ರಿಡ್ಜ್. ಹತ್ತು ದಿನದ ಕೆಲಸ. ಆದ್ರೆ ಆಚೆ ಈಚೆ ಇರೋ ಎರಡು ಹಲ್ಲನ್ನೂ ತೇಯ್ದು ಸಣ್ಣ ಮಾಡ್ಬೇಕು, ಅವುಗಳ ಮೇಲೆ ಕ್ಯಾಪ್ ಕೂರಿಸಿ ನಡುವೆ ಹೊಸದನ್ನ ನಿಲ್ಲಿಸ್ತೀವಿ. ಮೂರು, ಇಂಪ್ಲಾಂಟ್. ಮೂಳೆಗೆ ಸಣ್ಣ ಸ್ಕ್ರೂ ಇಡ್ತೀವಿ, ಅದು ಮೂಳೆ ಜೊತೆ ಕೂಡ್ಕೊಂಡ ಮೇಲೆ ಹಲ್ಲು. ನಿಮಗೆ ನಾಲ್ಕು ತಿಂಗಳಾದ್ರೂ ಬೇಕಾಗುತ್ತೆ."

"ಮೊದಲನೇದು ಬೇಡ ಡಾಕ್ಟ್ರೇ. ನಾಲಿಗೆ ಅಂಗುಳಕ್ಕೆ ಎಲ್ಲಿ ತಾಗುತ್ತೆ ಅಂತ ತೋರಿಸೋದೇ ನನ್ನ ಹೊಟ್ಟೆಪಾಡು. ಪಕ್ಕದ ಹಲ್ಲುಗಳು ಹೇಗಿವೆ?"

"ಒಂಚೂರೂ ಹುಳುಕಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೆ ಮೂರನೇದಕ್ಕೇ ಹೋಗ್ತಿದ್ದೆ. ಆದ್ರೆ ಬಾಯಿ ನಿಮ್ಮದು, ನಿಧಾನವಾಗಿ ಯೋಚನೆ ಮಾಡಿ."

ಯೋಚನೆ ಮಾಡುವುದೇನಿತ್ತು? ನನಗೆ ಬೇಗ ಆಗಬೇಕಿತ್ತು. ಕಿಂಡಿ ಮುಚ್ಚಿದರೆ ಗುಬ್ಬಿ ಉಯ್ಯಾಲೆಯನ್ನು ಮರೆಯುತ್ತಾಳೆ, ಬಾಯಿ ಬಿಡುತ್ತಾಳೆ ಎಂಬುದು ನನ್ನ ಲೆಕ್ಕ. ಕನ್ನಡಿಯ ಭಯವೂ ಇತ್ತು, ಸುಳ್ಳೇಕೆ ಹೇಳಲಿ. ಬರುವ ಗುರುವಾರ ಬ್ರಿಡ್ಜಿಗೆ ಹಲ್ಲು ತೇಯಲು ಸಮಯ ಬರೆಸಿಯೇ ಮನೆಗೆ ಬಂದೆ.

ಮನೆಯಲ್ಲಿ ಯಜಮಾನರು, "ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಡಬ್ಬಿ ತುಂಬಾ ಕಡಲೆ ತಂದಿಟ್ಟಿದ್ದೀನಿ" ಎಂದು ರೇಗಿಸಿದರು. ಅತ್ತೆಯದು ಪೂರ್ತಿ ಕಟ್ಟಿಸಿದ ಹಲ್ಲು. ಅದನ್ನು ತೊಳೆದು ಲೋಟಕ್ಕೆ ಹಾಕುತ್ತಾ, "ಇರೋ ಗಟ್ಟಿ ಹಲ್ಲು ಎರಡನ್ನ ಕೆಡಿಸಿ ಹೋದ ಒಂದನ್ನ ತರ್ತೀಯೇನೇ? ಅಷ್ಟು ಅವಸರ ಇದ್ರೆ ನಂದನ್ನೇ ಹಾಕ್ಕೊಂಡು ಹೋಗು" ಎಂದರು. ನಾನು ನಗಲಿಲ್ಲ.

ಶಾಲೆಯಲ್ಲಿ ನನ್ನದು ಬಾಯಿ ಬಿಟ್ಟರೆ ಬಣ್ಣಗೇಡು. ಗೊತ್ತಿಲ್ಲದೆಯೇ ಅಂಗೈ ಬಾಯಿಗೆ ಅಡ್ಡ ಹೋಗುತ್ತಿತ್ತು. ಸೋಮವಾರ ಹೂವಿನ ಚಿತ್ರ ಎತ್ತಿ ಹಿಡಿದು, "ಇದೇನು?" ಎಂದೆ. ಆರು ಮಕ್ಕಳಲ್ಲಿ ಐದು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು "ಹೂವು" ಎಂದವು. ಕೈ ಮುಚ್ಚುವುದೂ ಆ ಮಾತಿನದೇ ಭಾಗವೆಂದು ಶ್ರದ್ಧೆಯಿಂದ ಕಲಿತಿದ್ದವು ಪಾಪ. ಆರನೆಯವಳು ಗುಬ್ಬಿ. ಅವಳು ಬೆಂಚಿನ ಮೇಲಿನ ಗೆರೆ ನೋಡುತ್ತಾ ಕುಳಿತಿದ್ದಳು.

ನನಗೆ ನಗು ಬಂತು, ಅದರ ಹಿಂದೆಯೇ ನಾಚಿಕೆ. ಬಾಗಿಲಲ್ಲಿ ನಿಂತಿದ್ದ ಆಯಾ ಮೆಲ್ಲಗೆ ಒಳಗೆ ಬಂದಳು.

"ಟೀಚರೇ, ತಪ್ಪು ತಿಳೀಬೇಡಿ. ನೀವು ಬಾಯಿ ಮುಚ್ಚಿದ್ರೆ ಇವಕ್ಕೆ ನೀವು ಮಾತು ಬಿಟ್ಟ ಹಾಗೇ ಅಲ್ವಾ? ಗುಬ್ಬಿ ಏನಂದ್ಕೊಂಡಿದಾಳೋ. ಹಲ್ಲು ಮುರಿದೆ ಅಂತ ಟೀಚರು ನನ್ನ ಜೊತೆ ಟೂ ಬಿಟ್ಟಿದ್ದಾರೆ ಅಂತಾನೋ ಏನೋ."

ಇಪ್ಪತ್ತೆರಡು ವರ್ಷದ ಅನುಭವಕ್ಕೆ ಹೊಳೆಯದೆ ಹೋದದ್ದು ನೆಲ ಒರೆಸುವವಳಿಗೆ ಹೊಳೆದಿತ್ತು. ಅವಳ ಬಾಯಿಗೆ ಸಕ್ಕರೆ ಹಾಕಬೇಕು.

ಉಳಿದವರನ್ನು ಆಟಕ್ಕೆ ಕಳಿಸಿ ನಾನು ಗುಬ್ಬಿಯ ಮುಂದೆ ನೆಲದ ಮೇಲೆ ಕುಳಿತೆ. ಗಲ್ಲ ಹಿಡಿದು ಮುಖ ಎತ್ತಿದೆ. ಕೈಗಳನ್ನು ಮಡಿಲಲ್ಲಿಟ್ಟು ಬಾಯಿ ಅಗಲಿಸಿದೆ, ಎಷ್ಟು ಬೇಕೋ ನೋಡಿಕೋ ಎಂಬಂತೆ. ಅವಳು ಬಗ್ಗಿ ನೋಡಿದಳು. ತೋರುಬೆರಳನ್ನು ಕಿಂಡಿಯೊಳಗಿಟ್ಟು ಒಸಡು ಮುಟ್ಟಿದಳು. ಆಮೇಲೆ ತನ್ನ ಮೇಲ್ದುಟಿ ಎತ್ತಿದಳು. ಅಲ್ಲೂ ಒಂದು ಕಿಂಡಿ. ಹಾಲುಹಲ್ಲು ಬಿದ್ದ ಜಾಗದಲ್ಲಿ ಅಕ್ಕಿಕಾಳಿನ ತುದಿಯಷ್ಟು ಬೆಳ್ಳಗೆ ಮೊಳೆತಿತ್ತು. ಅದನ್ನು ತೋರಿಸಿ, ನನ್ನ ಕೈ ಎಳೆದು ತನ್ನ ಗಂಟಲ ಮೇಲಿಟ್ಟುಕೊಂಡಳು, ನಾನು ಅವಳಿಗೆ ಕಲಿಸುವಾಗ ಮಾಡುವ ಹಾಗೆಯೇ.

"ಬ… ಉತ್ತೆ."

ಬೆರಳ ತುದಿಗೆ ಗಂಟಲಿನ ನಡುಕ ಸಿಕ್ಕಿತು. ನನಗೆ ಅರ್ಥವಾಗಲಿಲ್ಲವೆಂದುಕೊಂಡಳೋ ಏನೋ, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹೇಳಿದಳು.

"ಬರುತ್ತೆ."

ನಲವತ್ತೇಳು ವರ್ಷದವಳಿಗೆ ಹಲ್ಲು ಮೊಳೆಯುತ್ತದೆ ಎಂದು ಧೈರ್ಯ ಹೇಳುತ್ತಿದ್ದಳು. ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಕಲಿಸದೇ ಬಂದ ಮಾತು ಅದು. ನನ್ನ ಪಟ್ಟಿಯ ಇಪ್ಪತ್ತರಲ್ಲಿ ಇರಲೇ ಇಲ್ಲ.

ಅಂದೇ ಡಾಕ್ಟರಿಗೆ ಫೋನ್ ಮಾಡಿದೆ. "ಗುರುವಾರ ತೇಯೋದು ಬೇಡ. ಸ್ಕ್ರೂನೇ ಇಡಿ."

"ಒಳ್ಳೇದಾಯ್ತು. ಆದ್ರೆ ನಾಲ್ಕು ತಿಂಗಳು ಹಾಗೇ ಇರ್ತೀರಾ? ಮರೆಗೊಂದು ಪ್ಲೇಟ್ ಆದ್ರೂ ಮಾಡಿಕೊಡ್ತೀನಿ."

"ಬೇಡ ಡಾಕ್ಟ್ರೇ. ಅದು ಬರೋದನ್ನ ಕಾಯೋರು ಇದ್ದಾರೆ."

ಆ ನಾಲ್ಕು ತಿಂಗಳು ಪ್ರತಿ ಸೋಮವಾರ ನನ್ನ ಬಾಯಿ ತಪಾಸಣೆಯಾಯಿತು. ಗುಬ್ಬಿ ಟಾರ್ಚು ಹಿಡಿದು ಒಳಗೆ ನೋಡುವಳು, "ಇಲ್ಲ" ಎಂದು ತಲೆಯಾಡಿಸುವಳು, ಬೇಜಾರಾಗಬೇಡ ಎಂದು ಬೆನ್ನು ತಟ್ಟುವಳು. ಅವಳ ಹಲ್ಲು ನನ್ನದಕ್ಕಿಂತ ಬೇಗ ಬಂತು, ಮಾತುಗಳೂ ಬಂದವು. "ನಾಳೆ", "ನೋವಾ?", "ಕಾಯಿ". ಈ "ಕಾಯಿ" ಎಂದರೆ ಕಾಯಬೇಕು ಎಂದು. ಅಂಗಡಿಯವನು, ಬಸ್ಸಿನ ಕಂಡಕ್ಟರು ನನ್ನ ಕಿಂಡಿಯನ್ನು ದಿಟ್ಟಿಸಿ ನೋಡುತ್ತಿದ್ದರು, ನೋಡಲಿ ಎಂದು ಹಲ್ಲು ಕಿರಿಯುತ್ತಿದ್ದೆ. ಇಷ್ಟು ನಕ್ಕ ನಾಲ್ಕು ತಿಂಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಆ ಮಗುವಿನ ಋಣ ಯಾವ ಜನ್ಮಕ್ಕೂ ತೀರುವುದಲ್ಲ, ತೀರಲೂ ಬೇಡ.

ಹಲ್ಲು ಕೂರಿಸಿದ ಮರುದಿನ ನಾನೇ ಮೊದಲು ಅವಳ ಬೆಂಚಿನ ಹತ್ತಿರ ಹೋಗಿ ಬಾಯಿ ತೆರೆದೆ. ಗುಬ್ಬಿ ಹಲ್ಲನ್ನು ಉಗುರಿನಿಂದ ಟಕ್ಕೆಂದು ತಟ್ಟಿದಳು, ಅಲುಗಾಡಿಸಿ ನೋಡಿದಳು. ತೃಪ್ತಿಯಾಯಿತು. ಸೊಂಟದ ಮೇಲೆ ಕೈಯಿಟ್ಟು, ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಟೀಚರ್. ನಾನು. ಹೇಳಿದ್ದೆ."

ಅವಳು ಕಟ್ಟಿದ ಮೊದಲ ಇಡೀ ವಾಕ್ಯ, ಅದರಲ್ಲೂ ನನ್ನನ್ನು ಗದರಿಸಲಿಕ್ಕೆ.

"ಹೌದು ಕಣೇ, ನೀನು ಹೇಳಿದ್ದೆ" ಎಂದೆ, ಅವಳಿಗೆ ಕಾಣುವ ಹಾಗೆ, ಬಾಯಿ ತುಂಬ.