ಡಿಕ್ಕಿ ಒರೆಸಿದ ಬರಿಗೈ

ಮನೆಯಲ್ಲಿ ಬಾಡಿಗೆ ಕಾರಿದ್ದರೆ ಓಡಿಸುವವರು ಒಬ್ಬರು, ತೊಳೆಯುವವರು ಇನ್ನೊಬ್ಬರು. ಮೋಟೆಬೆನ್ನೂರಿನ ಹುಸೇನಬಿಯ ಮನೆಯಲ್ಲಿ ಓಡಿಸುವವನು ಮಗ ಜಮೀರ್, ತೊಳೆಯುವವಳು ಸೊಸೆ ನಸ್ರೀನ್. ಬೆಳಗಾದರೆ ಎರಡು ಬಕೆಟ್ ನೀರು, ಒಂದಿಷ್ಟು ಸೋಪಿನ ಪುಡಿ, ಒರೆಸಲು ಒಂದು ಹಳೆ ಅರಿವೆ. ಗಾಜಿನ ಮೇಲೆ ನೀರಿನ ಕಲೆ ಉಳಿದರೂ ಜಮೀರನ ಹುಬ್ಬು ಗಂಟಿಕ್ಕುತ್ತಿತ್ತು.

ಅಂದು ಕಾರು ನಾರುತ್ತಿತ್ತು. ಹಿಂದಿನ ಸಂಜೆ ಜಮೀರ್ ಬ್ಯಾಡಗಿಯಿಂದ ಒಬ್ಬ ರೈತನನ್ನು ಕರೆತಂದಿದ್ದ. ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕ, ಊರವರು ಎಣ್ಣಿ ಅನ್ನುತ್ತಾರಲ್ಲ, ಅದರ ಡಬ್ಬಿಗಳು ಡಿಕ್ಕಿಯಲ್ಲಿದ್ದವು. ಒಂದರ ಮುಚ್ಚಳ ಸಡಿಲಾಗಿ ಎಲ್ಲ ಚೆಲ್ಲಿತ್ತು. ಚೆನ್ನಾಗಿ ತಿಕ್ಕು ಎಂದು ಹೆಂಡತಿಗೆ ಹೇಳಿ ಅವನು ಚಹಾದಂಗಡಿಗೆ ಹೋದ. ನಸ್ರೀನ್ ಡಿಕ್ಕಿಯೊಳಗೆ ಬಗ್ಗಿ ಬರಿಗೈಯಲ್ಲಿ ತಾಸುಗಟ್ಟಲೆ ತಿಕ್ಕಿದಳು, ಅರಿವೆ ಹಿಂಡಿದಳು, ಒಣಗುವವರೆಗೂ ಒರೆಸಿದಳು. ತೊಯ್ದ ಬಟ್ಟೆಯಲ್ಲೇ ಬಂದು ಒಲೆಯ ಮುಂದೆ ಕೂತಳು.

ಒಲೆ ಹೊತ್ತುವುದರೊಳಗೆ ಅವಳಿಗೆ ತಲೆ ಸುತ್ತಿತು. ವಾಂತಿಯಾಯಿತು. ಬಾಯಲ್ಲಿ ಜೊಲ್ಲು ನಿಲ್ಲಲಿಲ್ಲ, ಮೈಯೆಲ್ಲ ಬೆವರು, ಕಣ್ಣು ಮಂಜು. ಹುಸೇನಬಿ ಓಡಿಹೋಗಿ ಮಗನನ್ನು ಕರೆತಂದಳು. ಅವನು ಬಾಗಿಲಲ್ಲೇ ನಿಂತು ನೋಡಿ, ಪಿತ್ತ ಆಗಿರಬೇಕು, ಲಿಂಬೆ ನೀರು ಕೊಡು ಎಂದ. ಹಾವೇರಿ ಕೋರ್ಟಿಗೆ ಹೋಗುವ ಬಾಡಿಗೆಯವರು ಕಾಯುತ್ತಿದ್ದಾರಂತೆ. ಹುಸೇನಬಿ ಅವನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡಳು.

ಎರಡು ಮನೆ ಆಚೆಯಿದ್ದ ಆಶಾ ಕಾರ್ಯಕರ್ತೆ ನಾಗಲಕ್ಷ್ಮಿ ಹುಸೇನಬಿಯ ಕೂಗು ಕೇಳಿ ಬಂದವಳೇ, ಬೆಳಿಗ್ಗೆಯಿಂದ ಏನು ಕೆಲಸ ಮಾಡಿದಳು ಎಂದು ಕೇಳಿದಳು. ಅಂಗಳದಲ್ಲಿ ಬಿದ್ದಿದ್ದ ಅರಿವೆಯ ವಾಸನೆ ಮೂಗಿಗೆ ಬಡಿಯಿತು. ತಕ್ಷಣ 108ಕ್ಕೆ ಫೋನ್ ಮಾಡಿದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಸ್ರೀನಳ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ತಲೆಯಿಂದ ಪಾದದವರೆಗೆ ನೀರು ಸುರಿದಳು. ರೈತನಿಂದ ಡಬ್ಬಿಯ ಮೇಲಿನ ಚೀಟಿಯ ಫೋಟೊ ತರಿಸಲು ಜಮೀರನಿಗೆ ಹೇಳಿದಳು.

"ಆಕಿ ಏನು ಎಣ್ಣಿ ಕುಡದಾಳೇನ್ರಿ? ಬರೇ ಒರಸ್ಯಾಳ," ಎಂದ ಜಮೀರ್.

"ಬಾಯಿ ಒಂದ ದಾರಿ ಅಲ್ಲ, ಜಮೀರಣ್ಣ. ಚರ್ಮಾನೂ ಕುಡಿತೈತಿ. ತೊಯ್ದ ಅರಿವಿ ಮೈಮ್ಯಾಲೆ ಇದ್ದಷ್ಟು ಹೊತ್ತು ವಿಷ ಒಳಗ ಹೋಗತೈತಿ."

ರೈತರು ಇಪ್ಪತ್ತು ವರ್ಷದಿಂದ ಬರಿಗೈಯಲ್ಲೇ ಹೊಡೆಯುತ್ತಾರೆ, ಅವರಿಗೇನಾಗಿದೆ ಎಂದು ಅವನು ವಾದಿಸಿದ. ಹೊಡೆದ ಮರುದಿನ ತಲೆಸುತ್ತು, ಕಣ್ಣುರಿ ಎಂದು ಅವರೂ ಬರುತ್ತಾರೆ, ಎಣ್ಣಿಯಿಂದ ಆಯಿತೆಂದು ಅವರಿಗೂ ತಿಳಿದಿರುವುದಿಲ್ಲ ಎಂದಳು ನಾಗಲಕ್ಷ್ಮಿ.

ಆಸ್ಪತ್ರೆಯಲ್ಲಿ ಡಾಕ್ಟರು ಫೋಟೊ ನೋಡಿ ಔಷಧ ಶುರುಮಾಡಿದರು. ಇನ್ನೂ ತಡವಾಗಿದ್ದರೆ ಉಸಿರೇ ನಿಲ್ಲುತ್ತಿತ್ತು ಎಂದರು. ಹುಸೇನಬಿಯ ಸಿಟ್ಟು ಇಳಿಯಲಿಲ್ಲ. ಅವಳಿಗೆ ತನ್ನ ಮೇಲೂ ಸಿಟ್ಟಿತ್ತು; ಬಕೆಟ್ ತುಂಬಿ ಕೊಟ್ಟವಳು ತಾನೇ.

"ಕಾರಿನ ಮ್ಯಾಲಿನ ನೀರಿನ ಕಲಿ ನಿನಗ ಕಾಣತೈತಿ," ಎಂದಳು ಮಗನಿಗೆ. "ಹೆಂಡ್ತಿ ಜೊಲ್ಲು ಸುರಿಸ್ಕೋತ ಬಿದ್ರ ಪಿತ್ತ ಅಂತಿ. ನಿನ್ನ ಹಡದೇನಿ ಅನ್ನಾಕ ನಾಚಿಕಿ ಬರತೈತಿ ನನಗ."

ನಾಲ್ಕನೆಯ ದಿನ ನಸ್ರೀನ್ ಮನೆಗೆ ಬಂದಳು. ಅಷ್ಟರಲ್ಲಿ ಜಮೀರ್ ನಾಗಲಕ್ಷ್ಮಿ ಹೇಳಿದಂತೆ ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ ಹಾಕಿ, ಡಿಕ್ಕಿಯ ಸಂದಿಯಲ್ಲಿ ಇನ್ನೂ ಉಳಿದಿದ್ದ ಎಣ್ಣಿಗೆ ಒಣ ಮಣ್ಣು ಸುರಿದು ಹೀರಿಸಿ, ಸೋಪು ನೀರಿನಿಂದ ತಾನೇ ಒರೆಸಿದ್ದ. ಡಿಕ್ಕಿ ತೆರೆದಿಟ್ಟು ಬಿಸಿಲಿಗೆ ಒಣಗಿಸಿದ್ದ. ಆ ಮಣ್ಣು, ಅರಿವೆಯನ್ನು ಬಾವಿ, ದನಕರುಗಳಿಂದ ದೂರ ಗುಂಡಿ ತೋಡಿ ಹೂತಿದ್ದ. ಮುಂದಿನ ವಾರ ಅದೇ ರೈತ ಡಬ್ಬಿ ಹಿಡಿದು ಬಂದಾಗ, ಇದು ಮಂದಿ ಕೂರುವ ಗಾಡಿ ಎಂದು ಹೇಳಿ ವಾಪಸ್ಸು ಕಳಿಸಿದ. ಕಾರು ತೊಳೆಯುವ ಕೆಲಸವೂ ಈಗ ಅವನದೇ. ತಾಯಿ ಇನ್ನೂ ಅವನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಾರು ತೊಳೆಯುವವರು ಯಾರು? ಅವರ ಕೈ ನೋಡಿದ್ದೀರಾ? ಕೀಟನಾಶಕದ ಡಬ್ಬಿಯನ್ನು ಮಂದಿ ಕೂರುವ ಗಾಡಿಯಲ್ಲಿ ಒಯ್ಯಬೇಡಿ. ಚೆಲ್ಲಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಯಾರಿಂದಲೂ ಮುಟ್ಟಿಸಬೇಡಿ. ಕಾರಿನ ಬಕೆಟ್, ಅರಿವೆ ಮನೆಬಳಕೆಗೆ ಬೇಡ. ಮೈಗೆ ತಾಗಿದರೆ ಕೂಡಲೇ ಬಟ್ಟೆ ಬಿಚ್ಚಿ ಸೋಪು ಹಚ್ಚಿ ತೊಳೆಯಿರಿ. ತಲೆಸುತ್ತು, ವಾಂತಿ, ಜೊಲ್ಲು ಕಂಡರೆ ಪಿತ್ತವೆಂದು ಕೂರಬೇಡಿ. ಡಬ್ಬಿಯ ಚೀಟಿಯ ಫೋಟೊ ತೆಗೆದುಕೊಂಡು 108ಕ್ಕೆ ಕರೆ ಮಾಡಿ. ಬಾಡಿಗೆಯವರು ಕಾಯಲಿ.